ಹೊರಗಿದೆ ಎಂದು ಬರೆದ ಚೀಟಿಗಳು

ಮುಳಬಾಗಿಲಿನ ಆ ಪದವಿ ಕಾಲೇಜಿನ ಗ್ರಂಥಾಲಯಕ್ಕೆ ಒಂದು ಬಾಗಿಲು, ಒಂದು ಕಿಟಕಿ. ಬಾಗಿಲು ಗ್ರಂಥಪಾಲಕ ಕದಿರೇಶನಿಗೆ, ಕಿಟಕಿ ಮಕ್ಕಳಿಗೆ. ಮಕ್ಕಳು ಕಿಟಕಿಯ ಹೊರಗೆ ಸಾಲಾಗಿ ನಿಂತು, ಬೇಕಾದ ಪುಸ್ತಕದ ಹೆಸರನ್ನು ಅಂಗೈಯಗಲದ ಚೀಟಿಯಲ್ಲಿ ಬರೆದು ಕಂಬಿಯೊಳಗೆ ಚಾಚಬೇಕು. ಅಟೆಂಡರ್ ವೆಂಕಟರಮಣಪ್ಪ ಅದನ್ನು ಬೇಡಿಕೆ ರಿಜಿಸ್ಟರಿನಲ್ಲಿ ಬರೆದುಕೊಂಡು ಕದಿರೇಶನ ಮೇಜಿನ ಮೇಲಿಡುತ್ತಿದ್ದ. ಗೈಡೋ ಪಠ್ಯಪುಸ್ತಕವೋ ಆದರೆ ಕದಿರೇಶ ಎದ್ದು ಹೋಗಿ ತಂದುಕೊಡುತ್ತಿದ್ದ. ಗಾಜಿನ ಬೀರುವಿನ ಪುಸ್ತಕವಾದರೆ ಏಳುತ್ತಿರಲಿಲ್ಲ. ಚೀಟಿಯ ಮೂಲೆಯಲ್ಲಿ ಕೆಂಪು ಮಸಿಯಿಂದ 'ಹೊರಗಿದೆ' ಎಂದು ಬರೆದು, ಕೆಳಗೆ ರುಜು ಹಾಕಿ, ದಿನಾಂಕ ನಮೂದಿಸಿ ವಾಪಸ್ ಕೊಡುತ್ತಿದ್ದ. ಹೊರಗಿದೆ ಅಂದರೆ ಬೇರೆ ಯಾರೋ ಓದಲು ಒಯ್ದಿದ್ದಾರೆ ಎಂದು ಅರ್ಥ. ಯಾರೂ ಒಯ್ದಿರುತ್ತಿರಲಿಲ್ಲ. ಪುಸ್ತಕ ಅವನ ಬೆನ್ನ ಹಿಂದೆಯೇ, ನಾಲ್ಕು ಮಾರು ದೂರದಲ್ಲಿ, ಬೀಗದೊಳಗೆ ಇರುತ್ತಿತ್ತು.

ಅವನು ಕೆಟ್ಟ ಮನುಷ್ಯನೇನಲ್ಲ. ಕಾಯುವ ಮನೆತನದಿಂದ ಬಂದವನು, ಅಷ್ಟೆ. ಅಪ್ಪ ಪೆದ್ದಪ್ಪ ಶ್ರೀನಿವಾಸಪುರದ ಕಡೆ ಸಾಹುಕಾರರೊಬ್ಬರ ಮಾವಿನ ತೋಪನ್ನು ಮೂವತ್ತು ವರ್ಷ ಕಾದವನು. ಫಸಲಿನ ಕಾಲದಲ್ಲಿ ತೋಪಿನ ನಡುವೆ ಕಟ್ಟಿದ ಕಾವಲು ಮಂಚಿಕೆಯ ಮೇಲೇ ಅವನ ಊಟ, ಅಲ್ಲೇ ನಿದ್ದೆ. ಆ ಮಂಚಿಕೆಯ ನೆರಳಲ್ಲಿ ಕೂತು ಎಸ್ಸೆಸ್ಸೆಲ್ಸಿಗೆ ಓದಿದವನು ಕದಿರೇಶ. ಆಮೇಲೆ ಕೋಲಾರದಲ್ಲಿ ಬಿ.ಎ., ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೊಬ್ಬನೇ. ತೊಂಬತ್ತಮೂರರಲ್ಲಿ ಕೆಲಸ ಸಿಕ್ಕಾಗ ಪೆದ್ದಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದ: "ನಮ್ಮೋನೂ ಕಾವಲೇ ಕಣ್ರೋ. ಆದ್ರೆ ಫ್ಯಾನ್ ಕೆಳ್ಗೆ."

ಮೊದಮೊದಲು ಕದಿರೇಶ ಬಾಗಿಲು ತೆರೆದೇ ಇಟ್ಟಿದ್ದ. ಮಕ್ಕಳು ಒಳಗೆ ಬಂದು ಕಪಾಟು ತಡವುತ್ತಿದ್ದರು. ತೊಂಬತ್ತೇಳರಲ್ಲಿ ದಾಸ್ತಾನು ಪರಿಶೀಲನೆಗೆ ಬಂದವರು ಹನ್ನೊಂದು ಪುಸ್ತಕ ಕಾಣುತ್ತಿಲ್ಲ ಎಂದು ಬರೆದುಹೋದರು. ಅಂದಿನ ಪ್ರಾಂಶುಪಾಲರು ಆ ಮೆಮೋವನ್ನು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿದರು. ಕೊನೆಗೆ ಕನ್ನಡಕದ ಮೇಲಿಂದ ನೋಡುತ್ತ, "ಏನ್ರೀ ಕದಿರೇಶ್, ಪುಸ್ತಕ ಕಾಯೋದೂ ಕಷ್ಟಾನಾ?" ಎಂದರು. ಯಾರೋ ನಕ್ಕರು. ಆ ನಗು ಅವನ ಕಿವಿಯಿಂದ ಇಳಿಯಲೇ ಇಲ್ಲ. ಮಾರನೆಯ ವಾರ ಬಡಗಿಯನ್ನು ಕರೆಸಿ ಕಿಟಕಿ ಮಾಡಿಸಿದ. ಒಳ್ಳೊಳ್ಳೆಯ ಪುಸ್ತಕ, ಹಳೆಯ ಪುಸ್ತಕ, ಮತ್ತೆ ಸಿಗದ ಪುಸ್ತಕಗಳನ್ನೆಲ್ಲ ಆರಿಸಿ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದ. ಬೀಗದಕೈ ಅವನ ಬೆಲ್ಟಿಗೆ ಬಂತು. ಅಲ್ಲಿಂದ ಮುಂದೆ ಹನ್ನೊಂದು ವರ್ಷ, ಪರಿಶೀಲನೆಗೆ ಬಂದವರಿಗೆ ಒಂದು ಪುಸ್ತಕವೂ ಕಡಿಮೆ ಕಾಣಲಿಲ್ಲ. 'ಕೊಡಲಾಗುವುದಿಲ್ಲ' ಎಂದು ಬರೆದರೆ ಮಕ್ಕಳು ಯಾಕೆ ಎಂದು ಕೇಳುತ್ತಾರೆ. 'ಹೊರಗಿದೆ' ಎಂದರೆ ಸುಮ್ಮನೆ ಹೋಗುತ್ತಾರೆ.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಕೋಲಾರದಲ್ಲೊಂದು ತರಬೇತಿ ನಡೆಯಿತು. ಬೆಂಗಳೂರಿನಿಂದ ಬಂದಿದ್ದ ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕಿ ಸುಮೇಧಾ ಮೇಡಂ, ಪರದೆಯ ಮೇಲೆ ಒಂದು ದ್ವೀಪ ತೋರಿಸಿದರು. ಕಂಪ್ಯೂಟರಿನೊಳಗೆ ಕಟ್ಟಿದ ಲೋಕ ಅದು. ಅಲ್ಲಿ ನಿಮ್ಮ ಬದಲಿಗೆ ಒಂದು ಗೊಂಬೆ ಓಡಾಡುತ್ತದೆ, ಮೈಕಿನಲ್ಲಿ ನೀವು ಮಾತಾಡಿದರೆ ಅದು ಮಾತಾಡುತ್ತದೆ. ಹೊರದೇಶದ ಗ್ರಂಥಾಲಯಗಳು, ಮೇಷ್ಟ್ರುಗಳು ಆಗಲೇ ಅಲ್ಲಿ ಪಾಠ ಮಾಡುತ್ತಿದ್ದರು, ಕಥೆ ಕವಿತೆ ಓದುತ್ತಿದ್ದರು. "ನಾವೂ ಕನ್ನಡಕ್ಕೆ ಅಂತ ಒಂದು ಜಾಗ ತಗೊಂಡಿದ್ದೀವಿ. ಒಂದೊಂದು ಕಾಲೇಜು ಒಂದೊಂದು ಮನೆ ಕಟ್ಟಲಿ" ಎಂದರು ಮೇಡಂ. ಬಂದಿದ್ದ ನಲವತ್ತು ಜನರಲ್ಲಿ ಹೆಸರು ಬರೆಸಿದವರು ಮೂವರು. ಅವರಲ್ಲಿ ಕದಿರೇಶ ಒಬ್ಬ. ಯಾಕೆ ಬರೆಸಿದೆನೆಂದು ಅವನಿಗೇ ಗೊತ್ತಿರಲಿಲ್ಲ.

ಕಾಲೇಜಿನ ಲ್ಯಾಬಿನಲ್ಲಿ ಹೊಸ ಕಂಪ್ಯೂಟರುಗಳಿದ್ದವು. ಕಂಪ್ಯೂಟರ್ ಮೇಷ್ಟ್ರು ವಂಶಿಕೃಷ್ಣ ಹುಮ್ಮಸ್ಸಿನ ಹುಡುಗ. ಸಂಜೆ ನಾಲ್ಕಕ್ಕೆ ತರಗತಿ ಮುಗಿಯುತ್ತಲೇ ಇಬ್ಬರೂ ಕೂರುತ್ತಿದ್ದರು. ಕದಿರೇಶನ ಗೊಂಬೆ ಮೊದಲ ದಿನವೆಲ್ಲ ಗೋಡೆಗೆ ಹಣೆ ಕೊಟ್ಟುಕೊಂಡು ಅಲ್ಲೇ ನಡೆಯುತ್ತಿತ್ತು. ಅದಕ್ಕೆ ಉಡಿಸಲು ಪಂಚೆ ಸಿಗಲಿಲ್ಲ, ಸೂಟೇ ಗತಿಯಾಯಿತು. ಚಹಾ ತಂದ ವೆಂಕಟರಮಣಪ್ಪ ಬಗ್ಗಿ ಗೊಂಬೆಯ ದಟ್ಟ ಕೂದಲು ನೋಡಿ, ತನ್ನ ಬೋಳುತಲೆ ಸವರಿಕೊಂಡು, "ಸಾರ್, ಅಲ್ಲೋದ್ರೆ ತಲೆ ತುಂಬ ಕೂದ್ಲು ಬತ್ತೈತಾ? ನನ್ನೂ ಒಂದ್ಸಲ ಕರ್ಕೊಂಡೋಗಿ" ಎಂದ.

"ನೀನು ಹೋದ್ರೆ ಚಹಾ ತರೋರ್ಯಾರು?" ಎಂದ ವಂಶಿಕೃಷ್ಣ.

"ಅಲ್ಲಿರೋರ್ಗೆ ಹಸಿವೇ ಆಗಲ್ವಲ್ಲ ಸಾರ್. ರಜಾನೇ ರಜಾ."

ತಿಂಗಳೊಳಗೆ ಕದಿರೇಶನಿಗೆ ಆ ಲೋಕದ ಹುಚ್ಚು ಹಿಡಿಯಿತು. ಹುಣಸೆಮರದಂಥ ಒಂದು ಮರ ನೆಟ್ಟ. ಮರದ ಸುತ್ತ ಕಲ್ಲುಬೆಂಚು ಹಾಕಿಸಿದ. ಅದರ ಪಕ್ಕದಲ್ಲಿ ಒಂದು ಗ್ರಂಥಾಲಯ ಕಟ್ಟಿದ. ಮೂರೇ ಗೋಡೆ, ನಾಲ್ಕನೆಯ ಕಡೆ ಪೂರಾ ಬಯಲು. ಬಾಗಿಲಿಲ್ಲ, ಕಿಟಕಿಯಿಲ್ಲ, ಬೀಗವಿಲ್ಲ. ಯಾರು ಬೇಕಾದರೂ ನಡೆದು ಬರಬಹುದು. ಅಲ್ಲಿ ಯಾವ ಪುಸ್ತಕವೂ ಕಳೆಯುವುದಿಲ್ಲ ತಾನೆ? ತನ್ನ ಗೊಂಬೆಯನ್ನು ಬೆಂಚಿನ ಮೇಲೆ ಕೂರಿಸಿ ಅದರ ಕಣ್ಣಿನಿಂದ ಆ ತೆರೆದ ಮನೆಯನ್ನು ನೋಡುವಾಗ ಕದಿರೇಶನಿಗೆ ಎದೆ ಹಗುರಾಗುತ್ತಿತ್ತು. ತಾನು ಇಂಥ ಗ್ರಂಥಪಾಲಕನಾಗಬೇಕು ಎಂದುಕೊಂಡೇ ಅಲ್ಲವೇ ಓದಿದ್ದು ಎಂದೆನಿಸುತ್ತಿತ್ತು.

ಗೋಡೆಗಳು ಮಾತ್ರ ಬೋಳಾಗಿದ್ದವು. "ನಮ್ಮ ಲೈಬ್ರರಿ ಕಪಾಟಿನ ಫೋಟೋನೇ ಅಂಟಿಸೋಣ ಸರ್. ನಿಜವಾದ ಪುಸ್ತಕ ಇದ್ದ ಹಾಗೆ ಕಾಣುತ್ತೆ" ಎಂದ ವಂಶಿಕೃಷ್ಣ. ಗೈಡುಗಳ ಫೋಟೋ ಹಾಕಲಾಗುತ್ತದೆಯೇ? ಆಗಸ್ಟ್ ಹದಿನಾಲ್ಕರ ಮಧ್ಯಾಹ್ನ ಕದಿರೇಶ ಬೆಲ್ಟಿನಿಂದ ಬೀಗದಕೈ ಬಿಚ್ಚಿ, ಗಾಜಿನ ಬೀರುವಿನ ಬಾಗಿಲು ತೆಗೆದು, ಪುಸ್ತಕಗಳ ಬೆನ್ನನ್ನು ಒದ್ದೆಬಟ್ಟೆಯಲ್ಲಿ ಒರೆಸಿ, ಸಾಲಾಗಿ ನಿಲ್ಲಿಸಿದ. ವಂಶಿಕೃಷ್ಣ ತನ್ನ ಡಿಜಿಟಲ್ ಕ್ಯಾಮೆರಾದಲ್ಲಿ ಆರು ಫೋಟೋ ತೆಗೆದ. ಆಮೇಲೆ ಕದಿರೇಶ ಮತ್ತೆ ಬೀಗ ಹಾಕಿ, ಒಮ್ಮೆ ಜಗ್ಗಿ ನೋಡಿದ.

ಅದೇ ದಿನ ಬೆಳಿಗ್ಗೆ ಕಿಟಕಿಯ ಹತ್ತಿರ ಅಂಬ್ರೀನ್ ಬಂದು ಹೋಗಿದ್ದಳು. ಹಾಸಿಗೆ ಅಂಗಡಿಯ ಇಮಾಮ್ ಸಾಬರ ಮಗಳು, ಎರಡನೆಯ ಬಿ.ಎ. ಅವಳು ಕೇಳುತ್ತಿದ್ದದ್ದು ಒಂದೇ ಪುಸ್ತಕ: ಗಡಿಭಾಗದ ಜನಪದ ಕಥೆಗಳ ಎರಡನೆಯ ಸಂಪುಟ, ಕೆಂಪು ರೆಕ್ಸಿನ್ ಬೈಂಡಿನ ದಪ್ಪ ಪುಸ್ತಕ. ಕೋಲಾರದಲ್ಲಿ ಅಂತರ ಕಾಲೇಜು ಕಥೆ ಹೇಳುವ ಸ್ಪರ್ಧೆಯಿತ್ತು. ಏಳು ಬಾವಿಯ ನೀರು ತರಲು ಹೊರಟ ಹೆಂಗಸಿನ ಕಥೆಯೊಂದನ್ನು ಅವಳ ನಾನಿ, ಅಂದರೆ ತಾಯಿಯ ತಾಯಿ, ಹೇಳುತ್ತಿದ್ದಳಂತೆ. ಐದನೆಯ ಬಾವಿಗೆ ಬರುವಷ್ಟರಲ್ಲಿ ನಾನಿಗೆ ಮರೆವು ಕವಿಯುತ್ತಿತ್ತಂತೆ. ಮಿಕ್ಕದ್ದು ಆ ಸಂಪುಟದಲ್ಲಿದೆ ಎಂದು ಕನ್ನಡ ಮೇಡಂ ಹೇಳಿದ್ದರು.

"ಇನ್ನೂ ಬಂದಿಲ್ವಾ ಸರ್?" ಎಂದಿದ್ದಳು ಕಂಬಿಗೆ ಮುಖವಿಟ್ಟು.

"ಇಲ್ಲಮ್ಮ. ಹೊರಗಿದೆ."

"ಯಾರು ತಗೊಂಡಿದ್ದಾರೆ ಅಂತ ಹೇಳಿದ್ರೆ ಅವರ ಮನೆಗೇ ಹೋಗಿ ಓದ್ಕೊಂಡು ಬರ್ತೀನಿ ಸರ್."

"ಹಾಗೆಲ್ಲ ಹೇಳಂಗಿಲ್ಲ" ಎಂದು ಕದಿರೇಶ ಚೀಟಿಯ ಮೇಲೆ ಕೆಂಪು ಮಸಿಯಲ್ಲಿ ಬರೆದುಕೊಟ್ಟಿದ್ದ. ಅವಳು ಅದನ್ನು ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡು, "ಪರವಾಗಿಲ್ಲ ಸರ್, ಸೋಮವಾರ ಬರ್ತೀನಿ" ಎಂದು ಹೋಗಿದ್ದಳು. ಸೋಮವಾರವೂ ಬಂದಳು. ಆಮೇಲೆ ಬರಲಿಲ್ಲ. ಅವನೂ ಮರೆತ.

ಸೆಪ್ಟೆಂಬರ್ ಆರು, ಶನಿವಾರ ಸಂಜೆ ಆ ದ್ವೀಪದಲ್ಲಿ ಕಥಾ ಕೂಟ. ಹುಣಸೆಮರದ ಕೆಳಗೆ, ಕದಿರೇಶ ಕಟ್ಟಿದ ಮನೆಯ ಮುಂದೆ. ಮೈಸೂರು, ಧಾರವಾಡ, ಸಿಂಗಪುರದಿಂದಲೂ ಜನ ಬಂದು ಕಲ್ಲುಬೆಂಚಿನ ಮೇಲೆ ತಮ್ಮ ಗೊಂಬೆಗಳನ್ನು ಕೂರಿಸಿದ್ದರು. ಇಲ್ಲಿ ಲ್ಯಾಬಿನಲ್ಲಿ ಐದು ಕಂಪ್ಯೂಟರಿನ ಮುಂದೆ ಇಪ್ಪತ್ತು ಮಕ್ಕಳು ತೊಡೆಗೆ ತೊಡೆ ತಾಗಿಸಿ ಕೂತಿದ್ದರು. ಕದಿರೇಶ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಅಂಗಿ ಯಾರಿಗೂ ಕಾಣುವುದಿಲ್ಲ ಎಂದು ಗೊತ್ತಿದ್ದೂ.

ಕಥೆಗಳು ಮುಗಿದ ಮೇಲೆ ಸುಮೇಧಾ ಮೇಡಂ ದನಿ ಸ್ಪೀಕರಿನಲ್ಲಿ ಬಂತು. "ಈ ಮನೆ ನೋಡಿ ಎಲ್ಲರೂ. ಬಾಗಿಲೇ ಇಲ್ಲ! ಮುಳಬಾಗಿಲಿನ ಕದಿರೇಶ್ ಅವರು ಗ್ರಂಥಾಲಯ ಅಂದ್ರೇನು ಅಂತ ನಮಗೆ ತೋರಿಸಿಕೊಟ್ಟಿದ್ದಾರೆ." ಬೆಂಚಿನ ಮೇಲಿನ ಗೊಂಬೆಗಳೆಲ್ಲ ಎದ್ದು ಚಪ್ಪಾಳೆ ತಟ್ಟಿದವು. ಲ್ಯಾಬಿನ ಮಕ್ಕಳೂ ತಟ್ಟಿದರು. ಕದಿರೇಶನ ಕಣ್ಣು ಮಂಜಾಯಿತು.

ಆ ಲೋಕದಲ್ಲಿ ಒಂದು ಗುಂಡಿ ಒತ್ತಿದರೆ ಗೊಂಬೆ ಹಾರುತ್ತದೆ. ಮಕ್ಕಳಿಗೆ ಅದೇ ಆಟ. ಮೂರನೆಯ ಕಂಪ್ಯೂಟರಿನಲ್ಲಿ ಅಂಬ್ರೀನಳ ಗೊಂಬೆ ಹಾರಿ, ಗೋಡೆಯ ಮೇಲಿನ ಸಾಲಿನವರೆಗೆ ಹೋಗಿ, ಪುಸ್ತಕಗಳ ಬೆನ್ನಿಗೆ ಮೂಗು ತಾಗಿಸಿ ನಿಂತಿತು. ಮೈಕು ಅವಳ ಮುಂದೆಯೇ ಇತ್ತು.

"ಸರ್! ಕೆಂಪು ಪುಸ್ತಕ! ಎರಡನೇ ಸಂಪುಟ! ವಾಪಸ್ ಬಂತಾ ಸರ್?"

ಆ ದನಿ ಸಿಂಗಪುರದವರೆಗೂ ಹೋಯಿತು. ಅದರಲ್ಲಿ ಕೊಂಕಿರಲಿಲ್ಲ, ಸಂತೋಷವಿತ್ತು. "ಯಾವ ಪುಸ್ತಕಮ್ಮ?" ಎಂದರು ಸುಮೇಧಾ ಮೇಡಂ.

"ತುಂಬ ದಿನದಿಂದ ಹೊರಗಿತ್ತು ಮೇಡಂ. ನಾನು ನಾಲ್ಕು ಸಲ ಕೇಳಿದ್ದೆ."

ಎಲ್ಲ ಗೊಂಬೆಗಳೂ ಕದಿರೇಶನ ಗೊಂಬೆಯ ಕಡೆ ತಿರುಗಿದವು. ದಿನಕ್ಕೆ ಆರು ಸಲ ಹೋಗುವ ಕರೆಂಟು ಆಗ ಹೋಗಲಿಲ್ಲ. ಕದಿರೇಶ ಮೈಕು ಎಳೆದುಕೊಂಡ.

"ಹೌದಮ್ಮ. ನಿನ್ನೆ ಬಂತು."

"ಒಳ್ಳೆಯ ಪುಸ್ತಕಗಳಿಗೆ ಹೀಗೇ ಬೇಡಿಕೆ ಇರ್ಬೇಕು" ಎಂದರು ಮೇಡಂ. ಕೂಟ ಮುಗಿಯಿತು. ಅಂಬ್ರೀನಳ ಗೊಂಬೆ ಮಾತ್ರ ಇನ್ನೂ ಗೋಡೆಯ ಹತ್ತಿರವೇ ತೂಗುತ್ತಿತ್ತು. ಅದು ಈಗ ಕೆಂಪು ಪುಸ್ತಕ ನೋಡುತ್ತಿರಲಿಲ್ಲ. ಫೋಟೋದ ಬಲಗಡೆ ಮೂಲೆ ನೋಡುತ್ತಿತ್ತು. ಕದಿರೇಶನೂ ನೋಡಿದ. ಕ್ಯಾಮೆರಾ ತಾನಾಗಿಯೇ ಒತ್ತಿದ ಕಿತ್ತಳೆ ಬಣ್ಣದ ತಾರೀಖಿನ ಅಂಕಿಗಳು, ಗೋಡೆಯಲ್ಲಿ ಆಳೆತ್ತರಕ್ಕೆ ಹೊಳೆಯುತ್ತಿದ್ದವು: 14 8 2008.

ಹುಡುಗಿ ಎದ್ದಳು. ದುಪಟ್ಟಾ ಸರಿಮಾಡಿಕೊಂಡು, ಚೀಲ ಹೆಗಲಿಗೇರಿಸಿ ಹೊರಟುಹೋದಳು.

ಭಾನುವಾರ ಕದಿರೇಶನಿಗೆ ಊಟ ಸೇರಲಿಲ್ಲ. ಅವಳಿಗೆ ಅರ್ಥವಾಗಿರಲಿಕ್ಕಿಲ್ಲ ಎಂದು ಒಂದು ಸಲ, ಅರ್ಥವಾದರೂ ಯಾರಿಗೆ ಹೇಳುತ್ತಾಳೆ ಎಂದು ಒಂದು ಸಲ ಸಮಾಧಾನ ಮಾಡಿಕೊಂಡ. ಎರಡನೆಯದನ್ನು ಯೋಚಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಸೋಮವಾರ ಬೆಳಿಗ್ಗೆ ಬೀರು ತೆಗೆದು, ಕೆಂಪು ಪುಸ್ತಕವನ್ನು ಮೇಜಿನ ಮೇಲಿಟ್ಟುಕೊಂಡು ಕೂತ. ಹತ್ತೂವರೆಗೆ ಕಿಟಕಿಯಲ್ಲಿ ಅಂಬ್ರೀನ್ ಕಂಡಳು. ಕದಿರೇಶ ತಾನೇ ಎದ್ದು ಹೋಗಿ ಕಂಬಿಯ ನಡುವೆ ಪುಸ್ತಕ ಚಾಚಿದ.

"ತಗೋಮ್ಮ. ನಿನಗೇ ಅಂತ ತೆಗೆದಿಟ್ಟಿದ್ದೆ."

ಅವಳು ಕೈ ಚಾಚಲಿಲ್ಲ. ನೋಟ್‌ಬುಕ್ಕು ಬಿಚ್ಚಿ ನಾಲ್ಕು ಚೀಟಿ ತೆಗೆದು ಕಿಟಕಿಯ ಹಲಗೆಯ ಮೇಲೆ ಒಂದರ ಪಕ್ಕ ಒಂದು ಇಟ್ಟಳು. ಆಗಸ್ಟ್ ನಾಲ್ಕು, ಹನ್ನೊಂದು, ಹದಿನಾಲ್ಕು, ಹದಿನೆಂಟು. ನಾಲ್ಕರಲ್ಲೂ ಅವನದೇ ಕೆಂಪು ಅಕ್ಷರ, ಅವನದೇ ರುಜು.

"ಈಗ ಬೇಡ ಸರ್. ಸ್ಪರ್ಧೆ ಆಗೋಯ್ತು."

"ಹೋಗಿದ್ಯಾ?"

"ಹೋಗಿದ್ದೆ ಸರ್. ಐದು ಬಾವಿ ಹೇಳಿದೆ. ತೀರ್ಪುಗಾರರು 'ಆಮೇಲೆ?' ಅಂದ್ರು. ಗೊತ್ತಿಲ್ಲ ಅಂದೆ. ಎಲ್ಲ ನಕ್ಕರು." ಅವಳು ಚೀಟಿಗಳ ಕಡೆ ನೋಡುತ್ತಲೇ ಹೇಳಿದಳು. "ಯಾರೋ ಓದ್ತಾ ಇದಾರೆ, ಅವರಿಗೂ ಬೇಕಲ್ಲ ಅಂತ ಅಂದ್ಕೊಂಡಿದ್ದೆ ಸರ್. ನಮ್ಮ ಅಬ್ಬಾಗೂ ಹಾಗೇ ಹೇಳಿದ್ದೆ."

ಇಷ್ಟು ಹೇಳಿ ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಎಲ್ಲ ನಕ್ಕರು ಎಂಬ ಮಾತು ಅವನ ಕಿವಿಯಲ್ಲಿ ಹನ್ನೊಂದು ವರ್ಷದಿಂದ ಕೂತಿದ್ದ ಹಳೆಯ ನಗುವಿನ ಪಕ್ಕದಲ್ಲೇ ಹೋಗಿ ಕೂತಿತು. ಆ ನಗೆಗೆ ಹೆದರಿ ತಾನು ಹಾಕಿದ ಬೀಗ, ಅದೇ ನಗೆಯನ್ನು ಒಬ್ಬ ಹುಡುಗಿಯ ತಲೆಗೆ ಕಟ್ಟಿತ್ತು. ವೆಂಕಟರಮಣಪ್ಪ ಚೀಟಿಗಳನ್ನು ಗುಡಿಸಲು ಬಂದ. "ಮುಟ್ಬೇಡ" ಎಂದ ಕದಿರೇಶ.

ಸಂಜೆ ಮನೆಯ ಜಗಲಿಯಲ್ಲಿ ಪೆದ್ದಪ್ಪ ಬೀಡಿ ಕಟ್ಟು ತಡವುತ್ತ ಕೂತಿದ್ದ. ಎಂಬತ್ತು ದಾಟಿತ್ತು, ಕಣ್ಣು ಮಂದ, ಕಿವಿ ಚುರುಕು. ಕದಿರೇಶ ಪಕ್ಕದಲ್ಲಿ ಕೂತ.

"ನಾಯ್ನಾ, ತೋಪಿಗೆ ಬಂದು ಹಣ್ಣು ಕೇಳಿದೋರ್ಗೆ ಏನಂತಿದ್ದೆ?"

"ಏಮಿರಾ, ಇವತ್ತು ತೋಪಿನ ಗ್ಯಾಪಕ? ಉದುರಿದ್ದು ದಾರಿಹೋಕರ್ದು, ತಗೊಂಡೋಗ್ಲಿ ಅಂತಿದ್ದೆ. ಸಾಹುಕಾರ್ರೂ ಅದ್ಕೆ ಅಡ್ಡ ಬರ್ತಿರ್ಲಿಲ್ಲ."

"ಮರದಲ್ಲಿರೋದು ಕೇಳಿದ್ರೆ?"

"ಕೊಡಲ್ಲ ಅಂತಿದ್ದೆ. ಕೈ ಹಾಕಿದ್ರೆ ಕವಣೆ ಬೀಸ್ತಿದ್ದೆ." ಮುದುಕ ನಕ್ಕ. "ಆದ್ರೆ ಮರದ ತುಂಬ ಇಟ್ಕೊಂಡು, ಈ ವರ್ಷ ಕಾಯೇ ಬಿಟ್ಟಿಲ್ಲ ಅಂತ ಯಾರ್ಗೂ ಹೇಳಿಲ್ಲ ಕಣೋ. ಬಂದೋರ್ಗೂ ಕಣ್ಣಿರ್ತವಲ್ಲ. ಯಾಕ್ಲಾ, ಏನ್ ಮಾಡ್ದೆ?"

ಕದಿರೇಶ ಅಪ್ಪನ ಬೀಡಿಗೆ ಕಡ್ಡಿ ಗೀರಿ, ಎದ್ದು ಒಳಗೆ ಹೋದ.

ಮಾರನೆಯ ದಿನ ಅವನು ಬೇಡಿಕೆ ರಿಜಿಸ್ಟರುಗಳನ್ನೆಲ್ಲ ಅಟ್ಟದಿಂದ ಇಳಿಸಿದ. ಹನ್ನೊಂದು ವರ್ಷದ್ದು. ಯಾರು, ಯಾವ ತರಗತಿ, ಯಾವ ಪುಸ್ತಕ, ಎಲ್ಲ ವೆಂಕಟರಮಣಪ್ಪನ ಓರೆ ಅಕ್ಷರದಲ್ಲಿತ್ತು. ಗಾಜಿನ ಬೀರುವಿನ ಪುಸ್ತಕ ಕೇಳಿದವರ ಹೆಸರಿಗೆ ಒಂದೊಂದು ಗೀಟು ಹಾಕುತ್ತ ಹೋದ. ಸಂಜೆಗೆ ಇನ್ನೂರ ಹದಿನಾರು ಗೀಟು. ಇನ್ನೊಂದು ವಿಷಯ ಅದರಲ್ಲಿ ಕಂಡಿತು. ಮೊದಲ ವರ್ಷಗಳಲ್ಲಿ ಹೆಸರು ಹೆಚ್ಚು, ಬರಬರುತ್ತ ಕಡಿಮೆ. ಮಕ್ಕಳು ಕೇಳುವುದನ್ನೇ ಬಿಟ್ಟಿದ್ದರು.

ಆ ಹೊತ್ತಿಗೆ ಸುಮೇಧಾ ಮೇಡಂ ಫೋನು ಬಂತು. ಮುಂದಿನ ತಿಂಗಳು ಹೊರದೇಶದ ಗ್ರಂಥಪಾಲಕರೂ ಆ ದ್ವೀಪಕ್ಕೆ ಬರುತ್ತಾರಂತೆ, ತೆರೆದ ಗ್ರಂಥಾಲಯದ ಬಗ್ಗೆ ಕದಿರೇಶ ಹತ್ತು ನಿಮಿಷ ಮಾತಾಡಬೇಕಂತೆ.

"ಮೇಡಂ, ಆ ಮನೆ ಸುಳ್ಳು."

ಅವರು ನಕ್ಕರು. "ಅಲ್ಲಿರೋದೆಲ್ಲ ಸುಳ್ಳೇ ಅಲ್ವಾ ಸರ್?"

"ಹಾಗಲ್ಲ ಮೇಡಂ. ಗೋಡೆ ಮೇಲಿರೋ ಪುಸ್ತಕ ನಿಜ. ಅವತ್ತು ನಾನು 'ನಿನ್ನೆ ಬಂತು' ಅಂದಿದ್ದು ಸುಳ್ಳು." ಆಮೇಲೆ ಕಿಟಕಿಯಿಂದ ಹಿಡಿದು ನಾಲ್ಕು ಚೀಟಿಯವರೆಗೆ ಎಲ್ಲವನ್ನೂ ಹೇಳಿದ. ಮೇಡಂ, "ನಾನು ಯೋಚನೆ ಮಾಡಿ ಹೇಳ್ತೀನಿ ಕದಿರೇಶ್" ಎಂದರು. ಮತ್ತೆ ಆ ವಿಷಯಕ್ಕೆ ಫೋನು ಮಾಡಲಿಲ್ಲ.

ಬುಧವಾರ ಬೆಳಿಗ್ಗೆ ಸೂಚನಾ ಫಲಕದ ಮೇಲೆ ಒಂದು ಹಾಳೆ ಇತ್ತು. 'ಕೆಳಗಿನ ವಿದ್ಯಾರ್ಥಿಗಳು ಕೇಳಿದ ಪುಸ್ತಕಗಳು ಗ್ರಂಥಾಲಯದಲ್ಲೇ ಇದ್ದವು. ಹೊರಗಿದೆ ಎಂದು ಬರೆದದ್ದು ನನ್ನ ತಪ್ಪು. ಒಳಗೆ ಬಂದು ಪಡೆಯಬಹುದು.' ಕೆಳಗೆ ರುಜು. ಇನ್ನೂರ ಹದಿನಾರರಲ್ಲಿ ಇನ್ನೂ ಕಾಲೇಜಿನಲ್ಲಿದ್ದವರು ಒಂಬತ್ತೇ ಜನ. ಅದರಲ್ಲಿ ಎಂಟು ಹೆಸರು ಬರೆದಿದ್ದ.

"ಸಾರ್, ಪ್ರಿನ್ಸಿಪಾಲ್ರು ನೋಡಿದ್ರೆ?" ಎಂದ ವೆಂಕಟರಮಣಪ್ಪ.

"ನೋಡ್ಲಿ."

"ಪುಸ್ತಕ ಕಳೆದ್ರೆ?"

ಕದಿರೇಶ ಹಾಳೆಯ ಮೂಲೆಗೆ ಇನ್ನೊಂದು ಪಿನ್ನು ಚುಚ್ಚಿದ. ಹೆದರಿಕೆ ಹೋಗಿರಲಿಲ್ಲ. ಬಾಗಿಲು ತೆರೆದಿಟ್ಟು ಕೂತಾಗಲೂ ಅವನ ಕೈ ಬೆಲ್ಟಿನ ಕಡೆಗೇ ಹೋಗುತ್ತಿತ್ತು. ಫಲಕದ ಮುಂದೆ ಮಕ್ಕಳು ಗುಂಪುಗಟ್ಟಿ ಓದುವುದು, ಒಬ್ಬರಿಗೊಬ್ಬರು ಮೊಣಕೈ ತಿವಿಯುವುದು ಒಳಗಿನಿಂದಲೇ ಕಾಣುತ್ತಿತ್ತು. ತಲೆ ಎತ್ತಲಾಗಲಿಲ್ಲ. ಮೂರು ದಿನದಲ್ಲಿ ನಾಲ್ವರು ಬಂದರು. ಅವರೂ ಬಾಗಿಲವರೆಗೆ ಬಂದು, ಅಭ್ಯಾಸದಂತೆ ಕಿಟಕಿಯ ಕಡೆ ತಿರುಗಿದರು.

ಶನಿವಾರ ಅಂಬ್ರೀನ್ ಬಂದಳು. ಹೊಸ್ತಿಲ ಹೊರಗೆ ನಿಂತಳು.

"ನನ್ನ ಹೆಸರು ಬಿಟ್ಟಿದ್ದೀರಿ ಸರ್."

"ಬೇಡ ಅಂದಿದ್ದೆಯಲ್ಲಮ್ಮ."

"ಸ್ಪರ್ಧೆಗೆ ಬೇಡ ಅಂದೆ. ನಾನಿಗೆ ಬೇಕು."

ಕದಿರೇಶ ದಾರಿ ಬಿಟ್ಟ. ಬೀರುವಿನ ಬಾಗಿಲು ತೆರೆದೇ ಇತ್ತು. ಹುಡುಗಿ ತಾನೇ ಹೋಗಿ ಕೆಂಪು ಪುಸ್ತಕ ತೆಗೆದಳು, ಅಲ್ಲೇ ನಿಂತು ಬಿಚ್ಚಿದಳು. ಹಿಟ್ಟಿನಂಥ ಧೂಳು ಅವಳ ಚಪ್ಪಲಿಯ ಮೇಲೆ ಉದುರಿತು. ಬೆನ್ನು ಮಾತ್ರ ಗಟ್ಟಿಯಿತ್ತು, ಫೋಟೋದಲ್ಲಿ ಇದ್ದಂತೆಯೇ. ಒಳಗೆ ಹುಳ ತೂತು ಕೊರೆದು, ಹಾಳೆ ಹಾಳೆಯೂ ಜರಡಿಯಾಗಿತ್ತು. ಹನ್ನೊಂದು ವರ್ಷ ಅದನ್ನು ಯಾರೂ ಬಿಚ್ಚಿರಲಿಲ್ಲ. ಅವನೂ ಬಿಚ್ಚಿರಲಿಲ್ಲ. ಸೋಮವಾರ ಮೇಜಿನ ಮೇಲಿಟ್ಟುಕೊಂಡು ಕೂತಾಗಲೂ.

ಅವಳು ಒಂದೊಂದೇ ಹಾಳೆ ಹರಿಯದಂತೆ ಬೆರಳ ತುದಿಯಲ್ಲಿ ಬಿಡಿಸುತ್ತ, ಅಲ್ಲಲ್ಲಿ ಉಳಿದ ಸಾಲು ಓದುತ್ತ ಹೋದಳು. ಒಂದು ಕಡೆ ನಿಂತಳು. ತುಟಿ ಅಲ್ಲಾಡಿತು.

"ಆರನೇ ಬಾವಿ ಸಿಕ್ತು ಸರ್."

ಕದಿರೇಶ ಏಳನೆಯದನ್ನು ಕೇಳಲಿಲ್ಲ. ಮುಂದಿನ ಹಾಳೆಯ ತೂತುಗಳ ಮೂಲಕ ಅವಳ ಬೆರಳು ಅವನಿಗೆ ಕಾಣುತ್ತಿತ್ತು.

"ಇದು ಮನೆಗೆ ತಗೊಂಡೋಗಬಹುದಾ?" ಎಂದಳು.

ಅವನು ಮೇಜಿಗೆ ಹೋಗಿ ಕೂತು, ದಿನಾಂಕದ ಮೊಹರು ತೆಗೆದು, ಪುಸ್ತಕದ ಹಿಂಬದಿಗೆ ಅಂಟಿಸಿದ್ದ ಖಾಲಿ ಎರವಲು ಚೀಟಿಯ ಮೇಲೆ ಒತ್ತಿದ. ಅದರ ಮೇಲೆ ಬಿದ್ದ ಮೊದಲ ಮೊಹರು ಅದು. ಸ್ವಲ್ಪ ವಾರೆಯಾಗಿ ಬಿತ್ತು.